ಕಾರಿನ ಕ್ಲಚ್ ಬದಲಿಸಬೇಕಾ? ಯಾವ ಸೆಟ್ ತರುವುದು, ಮನೆಯಲ್ಲೇ ಕೈ ಹಾಕುವುದಾ ಗ್ಯಾರೇಜಿಗೆ ಕೊಡುವುದಾ

ಒಂದೇ ಮಾಡೆಲ್‌ನ ಎರಡು ಕಾರು ಇವೆ ಅಂದುಕೊಳ್ಳಿ. ಒಂದು ಹೆಚ್ಚಾಗಿ ತುಮಕೂರು ಹೆದ್ದಾರಿಯಲ್ಲಿ ಓಡುತ್ತದೆ. ಇನ್ನೊಂದು ದಿನಾ ಸಿಲ್ಕ್ ಬೋರ್ಡ್‌ನಿಂದ ಮಾರತ್ತಹಳ್ಳಿಗೆ ಹೋಗಿ ಬರುತ್ತದೆ. ಮೊದಲನೆಯದರ ಕ್ಲಚ್ ಒಂದು ಲಕ್ಷ ಕಿಲೋಮೀಟರ್ ದಾಟಿದರೂ ಆಶ್ಚರ್ಯವಿಲ್ಲ. ಎರಡನೆಯದು 50,000ಕ್ಕೇ ಜಾರಲು ಶುರುಮಾಡಬಹುದು. ಫಸ್ಟ್ ಗೇರ್, ಹಾಫ್ ಕ್ಲಚ್, ಹತ್ತಡಿ ಮುಂದೆ, ಮತ್ತೆ ಬ್ರೇಕ್. ಫ್ಲೈಓವರ್ ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಕ್ಲಚ್ಚಿನಲ್ಲೇ ಗಾಡಿ ಹಿಡಿದು ನಿಲ್ಲಿಸುವ ಅಭ್ಯಾಸ ಬೇರೆ. ಇಂಜಿನ್ನನ್ನು ಗೇರ್‌ಬಾಕ್ಸಿಗೆ ಕೂಡಿಸುವ ಕ್ಲಚ್ ಪ್ಲೇಟ್ ಸವೆಯುವುದು ಅಲ್ಲೇ.

ಹಾಗಾಗಿ ಬೆಂಗಳೂರಲ್ಲಿ ಕಾರು ಇಟ್ಟವರಿಗೆ ಒಂದಲ್ಲ ಒಂದು ದಿನ ಕ್ಲಚ್ ಖರ್ಚು ಬಂದೇ ಬರುತ್ತದೆ. ಹೆಚ್ಚಿನವರು ಆಗ ಮೊದಲು ಬ್ರ್ಯಾಂಡ್ ಹುಡುಕುತ್ತಾರೆ. ನನ್ನ ಪ್ರಕಾರ ಶುರುಮಾಡಬೇಕಾದ್ದು ಅಲ್ಲಿಂದ ಅಲ್ಲ. ಈ ಕೆಲಸದಲ್ಲಿ ನಿಜವಾಗಿ ದೊಡ್ಡದು ಗೇರ್‌ಬಾಕ್ಸ್ ಇಳಿಸಿ ಮತ್ತೆ ಏರಿಸುವುದು. ಇಳಿದ ಮೇಲೆ ಕ್ಲಚ್ ಬಿಚ್ಚುವುದು ನಾಲ್ಕಾರು ಬೋಲ್ಟಿನ ಮಾತು. ಕೂಲಿ, ಸಮಯ, ಅಪಾಯ ಎಲ್ಲವೂ ಇಳಿಸುವುದರಲ್ಲೇ ಇದೆ. ಒಂದು ಸಲ ಇಳಿಸಿದ ಗೇರ್‌ಬಾಕ್ಸ್ ವರ್ಷದೊಳಗೆ ಮತ್ತೆ ಇಳಿಸುವ ಹಾಗಾಗಬಾರದು. ಕೆಳಗಿನ ಎಲ್ಲ ಆಯ್ಕೆಗಳನ್ನೂ ಈ ಲೆಕ್ಕದಲ್ಲೇ ತೂಗಿದ್ದೇನೆ.

ಮೊದಲು ಕ್ಲಚ್ಚೇ ಹೋಗಿದೆಯಾ ನೋಡಿ

ಕ್ಲಚ್ ಜಾರುತ್ತಿದ್ದರೆ ಅದು ಏರಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಸದ್ದು ಏರುತ್ತದೆ, ಆರ್‌ಪಿಎಂ ಮುಳ್ಳೂ ಏರುತ್ತದೆ, ಆದರೆ ವೇಗ ಏರುವುದಿಲ್ಲ. ಜೊತೆಗೆ ಸುಟ್ಟ ವಾಸನೆ. ನಿಂತಲ್ಲೇ ಪರೀಕ್ಷಿಸುವುದಾದರೆ ಸಮತಟ್ಟಾದ, ಮುಂದೆ ಯಾರೂ ಇಲ್ಲದ ಜಾಗ ಬೇಕು. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಬಲಗಾಲು ಬ್ರೇಕ್ ಮೇಲಿಟ್ಟು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನಕ್ಕೆ ಬಿಡಿ. ಇಂಜಿನ್ ತಕ್ಷಣ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ. ಓಡುತ್ತಲೇ ಇದ್ದರೆ ಜಾರುತ್ತಿದೆ. ಒಂದು ಸಲ ಮಾಡಿದರೆ ಸಾಕು. ಪದೇ ಪದೇ ಮಾಡಿದರೆ ಪ್ಲೇಟಿನ ಮೇಲೆ ಉಳಿದ ಲೈನಿಂಗೂ (ಉಜ್ಜಿ ಹಿಡಿಯುವ ಪದರ) ಸುಟ್ಟುಹೋಗುತ್ತದೆ.

ಗೇರ್ ಬೀಳುತ್ತಿಲ್ಲ, ರಿವರ್ಸ್ ಹಾಕಿದರೆ ಕರಕರ ಅನ್ನುತ್ತದೆ ಅಂದರೆ ಅದು ಬೇರೆಯೇ ಕಥೆ. ಅಲ್ಲಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಸಡಿಲವಾಗಿರಬಹುದು, ಎಳೆಗಳು ಒಂದೊಂದಾಗಿ ಕಿತ್ತುಬರುತ್ತಿರಬಹುದು. ಕೇಬಲ್ ಬದಲು ದ್ರವದ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ ಕ್ಲಚ್ ಆದರೆ ಮಾಸ್ಟರ್ ಸಿಲಿಂಡರ್ ಅಥವಾ ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು, ಲೈನಿನಲ್ಲಿ ಗಾಳಿ ಸೇರಿರಬಹುದು. ಇವೆಲ್ಲ ಹೊರಗಿಂದಲೇ ಸರಿಮಾಡುವ ಕೆಲಸ. ಸ್ಲೇವ್ ಸಿಲಿಂಡರ್ ಮತ್ತು ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಒಂದೇ ತುಂಡಾಗಿ ಗೇರ್‌ಬಾಕ್ಸ್ ಒಳಗೆ ಕೂತಿರುವ ಕಾರುಗಳು ಮಾತ್ರ ಇದಕ್ಕೆ ಹೊರತು.

ಇದರ ಉಲ್ಟಾನೂ ಇದೆ. ಕೇಬಲ್ ಜಾಸ್ತಿ ಬಿಗಿಯಾಗಿ ಪೆಡಲ್‌ನಲ್ಲಿ ಸ್ವಲ್ಪವೂ ಫ್ರೀ ಪ್ಲೇ (ಒತ್ತಲು ಶುರುಮಾಡಿದಾಗ ಸಿಗುವ ಖಾಲಿ ಅಂತರ) ಉಳಿಯದಿದ್ದರೆ ಒಳ್ಳೆಯ ಕ್ಲಚ್ ಕೂಡ ಜಾರುತ್ತದೆ. ಹಳೆಯ ಮಾರುತಿಗಳಲ್ಲಿ ಒಂದು ನಟ್ ತಿರುಗಿಸಿದರೆ ಇದು ಸರಿಯಾಗುತ್ತದೆ. ಪ್ಲೇಟ್ ಆಗಲೇ ಸುಟ್ಟಿರಬಾರದು, ಅಷ್ಟೇ. ಎಷ್ಟು ಅಂತರ ಬಿಡಬೇಕು ಅನ್ನುವುದು ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಗೇರ್‌ಬಾಕ್ಸ್ ಇಳಿಸುವ ಮಾತು ಯಾರೇ ಆಡಿದರೂ ಮೊದಲು ಇದನ್ನು ನೋಡಿಸಿ.

ಸದ್ದನ್ನೂ ಗಮನಿಸಿ. ಪೆಡಲ್ ಒತ್ತಿದಾಗ ಗೊರಗೊರ ಸದ್ದು ಬಂದು ಬಿಟ್ಟಾಗ ಹೋದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ನ್ಯೂಟ್ರಲ್‌ನಲ್ಲಿ ಸದ್ದಿದ್ದು, ಪೆಡಲ್ ಒತ್ತಿದ ಕೂಡಲೇ ನಿಂತರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ (ಕ್ಲಚ್ ಪ್ಲೇಟಿನೊಳಗೆ ಕೂರುವ ದಂಡ) ಬೇರಿಂಗ್ ಇರಬಹುದು. ಹೊಸ ಕ್ಲಚ್ ಹಾಕಿದರೆ ಆ ಸದ್ದು ಹೋಗುವುದಿಲ್ಲ. ಗಾಡಿ ನಿಂತಲ್ಲಿಂದ ಹೊರಡುವಾಗ ನಡುಗುತ್ತಿದ್ದರೆ ಪ್ಲೇಟಿಗೆ ಆಯಿಲ್ ತಾಗಿರಬಹುದು. ಇಂಜಿನ್ ಮೌಂಟಿಂಗ್ ಹರಿದಿದ್ದರೂ ಹಾಗೇ ನಡುಗುತ್ತದೆ. ಮೌಂಟಿಂಗ್ ಬದಲಿಸುವುದು ಕ್ಲಚ್ಚಿಗಿಂತ ತುಂಬಾ ಸಣ್ಣ ಕೆಲಸ.

ಬರೀ ಪ್ಲೇಟಾ, ಪೂರ್ತಿ ಸೆಟ್ಟಾ

ಸೆಟ್ ಅಂದರೆ ಮೂರು ಸಾಮಾನು: ಕ್ಲಚ್ ಪ್ಲೇಟ್, ಅದನ್ನು ಫ್ಲೈವೀಲಿಗೆ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರ) ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್. ಜಾಸ್ತಿ ಸವೆಯುವುದು ಪ್ಲೇಟ್, ನಿಜ. ಅದಕ್ಕೇ ಕೆಲವರು "ಪ್ರೆಶರ್ ಪ್ಲೇಟ್ ಚೆನ್ನಾಗಿದೆ ಸಾರ್, ಪ್ಲೇಟ್ ಒಂದೇ ಹಾಕೋಣ" ಅನ್ನುತ್ತಾರೆ. ಆ ಮಾತಿಗೆ ಒಪ್ಪಬೇಡಿ. ಜಾರುವ ಕ್ಲಚ್ ಉಜ್ಜಿ ಉಜ್ಜಿ ಪ್ರೆಶರ್ ಪ್ಲೇಟಿನ ಮುಖ ನೀಲಿಗಟ್ಟಿರುತ್ತದೆ. ಬಿಸಿಗೆ ಅದರ ಡಯಾಫ್ರಮ್ ಸ್ಪ್ರಿಂಗ್ ಬಲ ಕಳೆದುಕೊಂಡಿರುತ್ತದೆ. ಸ್ಪ್ರಿಂಗಿನ ಬೆರಳುಗಳ ತುದಿಯಲ್ಲಿ ಬೇರಿಂಗ್ ತಾಗಿ ಗುಂಡಿ ಬಿದ್ದಿರುತ್ತದೆ. ಇದರ ಮೇಲೆ ಹೊಸ ಪ್ಲೇಟ್ ಕೂರಿಸಿದರೆ ಅದು ಸರಿಯಾಗಿ ಕೂರುವುದೇ ಇಲ್ಲ.

ರಿಲೀಸ್ ಬೇರಿಂಗ್ ಸೆಟ್ಟಿನಲ್ಲಿ ಎಲ್ಲಕ್ಕಿಂತ ಸಣ್ಣ ಸಾಮಾನು. ಅದೊಂದು ಆರು ತಿಂಗಳಿಗೆ ಹೋದರೂ ಮತ್ತೆ ಇಡೀ ಗೇರ್‌ಬಾಕ್ಸ್ ಇಳಿಯಬೇಕು. ಉಳಿಸಿದ ದುಡ್ಡು ಕೂಲಿಗೇ ಹೋಗುತ್ತದೆ. ಪೂರ್ತಿ ಸೆಟ್ ತನ್ನಿ, ಮೂರೂ ಒಂದೇ ಕಂಪನಿಯದಾಗಿರಲಿ. ಒಂದು ಕಂಪನಿಯ ಪ್ಲೇಟ್, ಇನ್ನೊಂದರ ಪ್ರೆಶರ್ ಪ್ಲೇಟ್ ಸೇರಿಸಬೇಡಿ.

ರೀಲೈನಿಂಗ್ ಬಗ್ಗೆಯೂ ಕೇಳುತ್ತಾರೆ. ಹಳೆ ಪ್ಲೇಟಿನ ಲೈನಿಂಗ್ ತೆಗೆದು ಹೊಸದನ್ನು ರಿವೆಟ್ ಹೊಡೆದು ಕೊಡುವ ಕೆಲಸ ಅದು. ಲೈನಿಂಗ್ ಹೊಸದಾದರೂ ನಡುವಿನ ಡ್ಯಾಂಪರ್ ಸ್ಪ್ರಿಂಗು, ಶಾಫ್ಟ್ ಕೂರುವ ತೂತಿನ ಸ್ಪ್ಲೈನ್ ಹಲ್ಲು ಎಲ್ಲ ಹಳೆಯವೇ. ಹೊಸ ಪ್ಲೇಟ್ ಎಲ್ಲೂ ಸಿಗದ ಹಳೇ ಕಾಲದ ಕಾರಿಗೆ ಅದೇ ದಾರಿ, ಸರಿ. ದಿನಾ ಓಡಿಸುವ ಕಾರಿಗೆ ಬೇಡ.

ಯಾವ ಡಬ್ಬ ತರುವುದು

ಅಂಗಡಿಯಲ್ಲಿ ನಿಮ್ಮ ಮುಂದೆ ಮೂರು ಬಗೆಯ ಡಬ್ಬ ಬರುತ್ತವೆ. ಒಂದು, ಕಾರು ಕಂಪನಿಯದೇ ಹೆಸರಿನ ಒರಿಜಿನಲ್. ಮಾರುತಿಗೆ ಮಾರುತಿ ಜೆನ್ಯೂನ್, ಹುಂಡೈಗೆ ಮೋಬಿಸ್. ಎರಡು, ಕ್ಲಚ್ ತಯಾರಕರದೇ ಹೆಸರಿನ ಡಬ್ಬ. ಫ್ರಾನ್ಸ್ ಮೂಲದ ವ್ಯಾಲಿಯೋ, ಜಪಾನಿನ ಎಕ್ಸೆಡಿ, ಜರ್ಮನಿಯ ಶೆಫ್ಲರ್ ಗುಂಪಿನ ಲುಕ್, ಝಡ್‌ಎಫ್‌ನ ಸ್ಯಾಕ್ಸ್ ಇವೆಲ್ಲ ಈ ಸಾಲಿನವು. ಲುಕ್ ಕ್ಲಚ್ ಕಾರ್ಖಾನೆ ನಮ್ಮ ಪಕ್ಕದ ಹೊಸೂರಿನಲ್ಲೇ ಇದೆ. ಮೂರು, ಹೆಸರು ಕೇಳದ ಅಗ್ಗದ ಡಬ್ಬ.

ಕಾರು ಕಂಪನಿಗಳು ಸಾಮಾನ್ಯವಾಗಿ ಕ್ಲಚ್ಚನ್ನು ತಾವೇ ತಯಾರಿಸುವುದಿಲ್ಲ, ಇಂಥ ತಯಾರಕರಿಂದಲೇ ಕೊಳ್ಳುತ್ತವೆ. ಹಾಗಾಗಿ ಮೊದಲ ಎರಡು ಬಗೆಯ ನಡುವೆ ಗುಣಮಟ್ಟದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಬೆಲೆಯಲ್ಲಿ ಹೆಚ್ಚಾಗಿ ಇರುತ್ತದೆ. ನಿಮ್ಮ ಕಾರಿನಿಂದ ಬಿಚ್ಚಿದ ಪ್ರೆಶರ್ ಪ್ಲೇಟನ್ನು ಬಟ್ಟೆಯಿಂದ ಒರೆಸಿ ನೋಡಿ. ಅದರ ಮೇಲೆ ತಯಾರಕರ ಗುರುತು ಒತ್ತಿರುತ್ತದೆ. ಕಾರ್ಖಾನೆಯಿಂದ ಬಂದ ಕ್ಲಚ್ಚೇ ಇನ್ನೂ ಇದ್ದರೆ, ಆ ಗುರುತಿನ ಡಬ್ಬವನ್ನೇ ತನ್ನಿ. ನಾನು ಮೊದಲು ಕೈ ಚಾಚುವುದು ಅದಕ್ಕೇ. ಬಿಚ್ಚುವ ಮೊದಲೇ ಕೊಳ್ಳಬೇಕಾದರೆ, ಹೆಸರಿರುವ ತಯಾರಕರಲ್ಲಿ ನಿಮ್ಮ ಇಂಜಿನ್ನಿಗೆ ಸರಿಯಾಗಿ ಪಾರ್ಟ್ ನಂಬರ್ ಕೂಡಿಬರುವುದು ಯಾವುದೋ ಅದು. ನಂಬರ್ ಬಗ್ಗೆ ಸ್ವಲ್ಪವೂ ಅನುಮಾನ ಇದ್ದರೆ ಕಾರು ಕಂಪನಿಯ ಡಬ್ಬಕ್ಕೇ ಹೋಗಿ. ಅಲ್ಲಿ ಚಾಸಿ ನಂಬರ್ ಹೊಡೆದರೆ ಸರಿಯಾದ ಪಾರ್ಟ್ ತಾನೇ ಬರುತ್ತದೆ.

ಮೂರನೇ ಬಗೆಯದನ್ನು ಮುಟ್ಟಬೇಡಿ. ಲೈನಿಂಗ್ ಬೇಗ ಸವೆಯುವುದಷ್ಟೇ ತೊಂದರೆ ಅಲ್ಲ. ರಿವೆಟ್ ಬಿಟ್ಟುಕೊಂಡು ತುಂಡು ಒಳಗೆ ಸಿಕ್ಕಿಹಾಕಿಕೊಂಡರೆ ನಡುರಸ್ತೆಯಲ್ಲಿ ಗೇರ್ ಬೀಳುವುದೇ ಇಲ್ಲ.

ಇನ್ನು ಹೆವಿ ಡ್ಯೂಟಿ, ಸೆರಾಮಿಕ್ ಬಟನ್ ಕ್ಲಚ್. ಕೆ-1000 ರ‍್ಯಾಲಿಯಂಥ ಸ್ಪರ್ಧೆಗೆ ಗಾಡಿ ತಯಾರು ಮಾಡುವವರಿಗೆ ಅದರ ಅಗತ್ಯ ಇರುತ್ತದೆ. ಅದು ತುಂಬಾ ಬಿಸಿಯಾದರೂ ಸುಲಭಕ್ಕೆ ಹಿಡಿತ ಬಿಡುವುದಿಲ್ಲ. ಆದರೆ ಅದಕ್ಕೆ ಹಾಫ್ ಕ್ಲಚ್ ಅನ್ನುವುದೇ ಇಲ್ಲವೇನೋ ಅನ್ನುವಷ್ಟು ಥಟ್ಟನೆ ಹಿಡಿಯುತ್ತದೆ. ಗಾಡಿ ಜರ್ಕ್ ಹೊಡೆಯುತ್ತದೆ. ಗಟ್ಟಿ ಸ್ಪ್ರಿಂಗಿನ ಪ್ರೆಶರ್ ಪ್ಲೇಟ್ ಜೊತೆಯಾದರೆ ಪೆಡಲ್ ಕಲ್ಲಾಗುತ್ತದೆ, ಕೇಬಲ್ ಮೇಲೆ ಒತ್ತಡ ಬೀಳುತ್ತದೆ. ಹೆಬ್ಬಾಳದ ಜಾಮಿನಲ್ಲಿ ಎಡಗಾಲು ಪಡುವ ಪಾಡು ಹೇಳಬೇಕಿಲ್ಲ ಅಲ್ವಾ? ಊರೊಳಗೆ ಓಡಿಸುವವರಿಗೆ ಮಾಮೂಲಿ ಆರ್ಗ್ಯಾನಿಕ್ ಲೈನಿಂಗೇ ಸರಿ.

ಜೆ.ಸಿ. ರಸ್ತೆಯಲ್ಲಿ ಕೊಳ್ಳುವಾಗ

ಬೆಂಗಳೂರಲ್ಲಿ ಬಿಡಿಭಾಗ ಅಂದರೆ ಜೆ.ಸಿ. ರಸ್ತೆ. ಅಲ್ಲಿ ಪಾರ್ಕಿಂಗ್ ಹುಡುಕುವುದಕ್ಕಿಂತ ಹಸಿರು ಮಾರ್ಗದ ಮೆಟ್ರೋ ಹಿಡಿದು ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆಯುವುದು ವಾಸಿ. ಆರ್‌ಸಿ ಕಾರ್ಡಿನ ಫೋಟೋ ಮೊಬೈಲಿನಲ್ಲಿರಲಿ. ಕೌಂಟರಿನಲ್ಲಿ ಮಾತು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ:

"ಅಣ್ಣಾ, ವ್ಯಾಗನ್ ಆರ್ ಕ್ಲಚ್ ಸೆಟ್ ಬೇಕಿತ್ತು."

"ಯಾವ ವರ್ಷದ್ದು ಸಾರ್? ಯಾವ ಇಂಜಿನ್?"

ಕಾರಿನ ಹೆಸರು ಹೇಳಿದರೆ ಸಾಲುವುದಿಲ್ಲ. ವ್ಯಾಗನ್ ಆರ್‌ಗೆ 2010ರವರೆಗೆ 1061 ಸಿಸಿ ಇಂಜಿನ್ ಇತ್ತು, ಆಮೇಲೆ 998 ಸಿಸಿಯ ಕೆ10ಬಿ ಬಂತು. 2019ರ ಮಾಡೆಲ್‌ನಲ್ಲಿ 1.2 ಲೀಟರಿನದೂ ಸೇರಿತು. ಆಲ್ಟೊ ಕೂಡ ಹಾಗೇ. 796 ಸಿಸಿಯದು ಬೇರೆ, ಕೆ10 ಬೇರೆ. ಪ್ಲೇಟಿನ ಅಗಲ, ಸ್ಪ್ಲೈನ್ ಹಲ್ಲಿನ ಎಣಿಕೆ ಇಂಜಿನ್ ಮತ್ತು ಗೇರ್‌ಬಾಕ್ಸ್ ನೋಡಿ ಬದಲಾಗುತ್ತವೆ. ಚಾಸಿ ನಂಬರ್ ತೋರಿಸಿ, ಪಾರ್ಟ್ ನಂಬರ್ ಕೂಡಿಸಿಕೊಂಡೇ ದುಡ್ಡು ಕೊಡಿ.

ಡಬ್ಬದ ಸೀಲ್, ಎಂಆರ್‌ಪಿ ಚೀಟಿ, ಒಳಗಿನ ಸಾಮಾನಿನ ಮೇಲಿನ ಗುರುತು ಮೂರೂ ಒಂದಕ್ಕೊಂದು ಹೊಂದಬೇಕು. ಚೀಟಿಯ ಅಕ್ಷರ ಮಸುಕಾಗಿದ್ದರೆ, ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ಬಿಟ್ಟುಬಿಡಿ. ಬಿಲ್ ಇಲ್ಲದೆ ಕೊಡುತ್ತೇನೆ ಅಂದರೂ ಬೇಡ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ ತಪ್ಪಿಸಿ ಉಳಿಯುವುದು ಮೊದಲಿಗಿಂತ ಕಮ್ಮಿ. ಬಿಲ್ ಇಲ್ಲದಿದ್ದರೆ ವಾರಂಟಿಯೂ ಇಲ್ಲ.

ಸೆಟ್ ಜೊತೆಗೆ ಸಣ್ಣಪುಟ್ಟ ಸಾಮಾನೂ ಬೇಕು. ಕ್ರ್ಯಾಂಕ್‌ಶಾಫ್ಟ್ ಹಿಂಬದಿಯ ಆಯಿಲ್ ಸೀಲ್, ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಸೀಲ್, ಚಕ್ರ ತಿರುಗಿಸುವ ಎರಡೂ ಡ್ರೈವ್‌ಶಾಫ್ಟ್‌ಗಳ ಸೀಲ್, ಪುಸ್ತಕದಲ್ಲಿ ಹೇಳಿದ ಗ್ರೇಡಿನ ಗೇರ್ ಆಯಿಲ್. ಕೇಬಲ್ ಹಳೆಯದಾಗಿದ್ದರೆ ಅದೂ ಇರಲಿ. ಆ ಹಿಂಬದಿಯ ಸೀಲ್ ಸೋರಿ ಹೊಸ ಪ್ಲೇಟಿಗೆ ಆಯಿಲ್ ಹತ್ತಿದರೆ ಹಾಕಿದ್ದೆಲ್ಲ ದಂಡ. ಅದಕ್ಕೆ ಕೈ ಎಟುಕುವುದು ಕ್ಲಚ್ ಮತ್ತು ಫ್ಲೈವೀಲ್ ಬಿಚ್ಚಿದಾಗ ಮಾತ್ರ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಎಲ್ಲವನ್ನೂ ಮೊದಲೇ ತಂದಿಟ್ಟುಕೊಳ್ಳಿ.

ಫ್ಲೈವೀಲ್ ಏನು ಮಾಡುವುದು

ಸಣ್ಣ ಪೆಟ್ರೋಲ್ ಕಾರಿನ ಮಾಮೂಲಿ ಫ್ಲೈವೀಲ್ ಆದರೆ ಮುಖದ ಮೇಲೆ ಉಗುರಾಡಿಸಿ ನೋಡಿ. ಗೀರು ಉಗುರಿಗೆ ಸಿಕ್ಕರೆ, ನೀಲಿ ಕಲೆ ಅಥವಾ ಸಣ್ಣ ಬಿರುಕು ಕಂಡರೆ ಲೇತ್‌ಗೆ ಕೊಟ್ಟು ಫೇಸಿಂಗ್ (ಮುಖ ಸಮ ಮಾಡುವುದು) ಮಾಡಿಸಿ. ಬಿರುಕು ಆಳವಾಗಿದ್ದರೆ ಬದಲಿಸುವುದೇ ಸರಿ. ನುಣುಪಾಗಿ ಇದ್ದರೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿದರೆ ಸಾಕು, ಸುಮ್ನೆ ಲೇತ್ ಮುಟ್ಟಿಸಬೇಡಿ.

ಹಲವು ಡೀಸೆಲ್ ಕಾರುಗಳಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಎರಡು ಚಕ್ರ, ನಡುವೆ ಸ್ಪ್ರಿಂಗ್. ಅದು ಮಾಮೂಲಿಯಾಗಿ ಲೇತ್‌ಗೆ ಕೊಡುವ ಸಾಮಾನಲ್ಲ. ಸಡಿಲವಾಗಿದ್ದರೆ ಬದಲಿಸಬೇಕು. ಆಗ ಖರ್ಚು ಕೆಲವು ಸಾವಿರದಿಂದ ಹತ್ತಾರು ಸಾವಿರಕ್ಕೆ ಏರುತ್ತದೆ. ಅಂಥ ಕಾರಿದ್ದವರು ಗ್ಯಾರೇಜಿನಲ್ಲಿ ಮಾತು ಮುಗಿಸುವ ಮೊದಲೇ ಇದರ ಬೆಲೆ ಕೇಳಿಟ್ಟುಕೊಳ್ಳಿ.

ಯಾರ ಕೈಗೆ ಕೊಡುವುದು

ಕ್ಲಚ್, ಗೇರ್ ಎರಡನ್ನೂ ಕಂಪ್ಯೂಟರೇ ನಡೆಸುವ ಎಎಂಟಿ ಮತ್ತು ಡ್ಯುಯಲ್ ಕ್ಲಚ್ ಕಾರುಗಳನ್ನು ಮೊದಲೇ ಪಕ್ಕಕ್ಕಿಡುತ್ತೇನೆ. 2014ರಲ್ಲಿ ಸೆಲೆರಿಯೊ ಬಂದ ಮೇಲೆ ಎಎಂಟಿ ಕಾರುಗಳು ಊರ ತುಂಬಾ ಇವೆ. ಪೆಡಲ್ ಇಲ್ಲದಿದ್ದರೂ ಒಳಗಿರುವುದು ಅದೇ ಒಣ ಕ್ಲಚ್. ಆದರೆ ಹೊಸದು ಹಾಕಿದ ಮೇಲೆ ಸ್ಕ್ಯಾನರ್ ಜೋಡಿಸಿ, ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವುದನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕು. ಡ್ಯುಯಲ್ ಕ್ಲಚ್ಚಿಗೆ ಬೇರೆಯೇ ಟೂಲ್ಸ್ ಬೇಕು. ಇವೆರಡಕ್ಕೂ ಸರ್ವಿಸ್ ಸೆಂಟರ್, ಇಲ್ಲವೇ ಆ ಸ್ಕ್ಯಾನರ್ ಇದ್ದು ಕೆಲಸ ಗೊತ್ತಿರುವ ಗ್ಯಾರೇಜು. ಮನೆಯಲ್ಲಿ ಬೇಡವೇ ಬೇಡ.

ಮಾಮೂಲಿ ಗೇರಿನ ಕಾರಿಗೆ ನನ್ನ ಮೊದಲ ಆಯ್ಕೆ ಗೊತ್ತಿರುವ ಏರಿಯಾ ಗ್ಯಾರೇಜ್, ಸೆಟ್ ನೀವೇ ತಂದುಕೊಟ್ಟು. ನಿಮ್ಮ ಮಾಡೆಲ್‌ನ ಗೇರ್‌ಬಾಕ್ಸ್ ಆಗಾಗ ಇಳಿಸುವವರಾಗಿರಬೇಕು. ಲಿಫ್ಟ್ ಇರಬೇಕು. "ಸೀಲ್ ಎಲ್ಲ ಬದಲಿಸ್ತೀರಾ? ಫ್ಲೈವೀಲ್ ನಂಗೆ ತೋರಿಸಿ ಆಮೇಲೆ ಕಟ್ತೀರಾ?" ಅಂತ ಮೊದಲೇ ಕೇಳಿ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಬಿಚ್ಚಿದಾಗ ತಾವೇ ಫೋನ್ ಮಾಡಿ ಕರೆಯುತ್ತಾರೆ. ನೀವು ಕೊಂಡ ಸಾಮಾನಿಗೆ ಅವರು ಗ್ಯಾರಂಟಿ ಕೊಡುವುದಿಲ್ಲ, ಅದು ನ್ಯಾಯವೇ. ಸೆಟ್ಟಿನ ಬಿಲ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೂ ಸೇರಿಯೇ.

ಸರ್ವಿಸ್ ಸೆಂಟರಿನಲ್ಲಿ ಕೂಲಿ ಜಾಸ್ತಿ. ಆದರೆ ಸಾಮಾನು, ಕೆಲಸ ಎರಡಕ್ಕೂ ಒಬ್ಬರೇ ಜವಾಬ್ದಾರಿ. ಗೊತ್ತಿರುವ ಮೆಕ್ಯಾನಿಕ್ ಇಲ್ಲದವರು, ಊರಿಗೆ ಹೊಸದಾಗಿ ಬಂದವರು ಅಲ್ಲಿಗೇ ಹೋಗುವುದು ಒಳ್ಳೆಯದು.

ಮನೆಯಲ್ಲೇ ಮಾಡುವುದಾದರೆ

ಮಾಡಬಹುದು. ಮಾರುತಿ 800, ಹಳೆ ಆಲ್ಟೊ, ಓಮ್ನಿಯಂಥ ಕೇಬಲ್ ಕ್ಲಚ್ಚಿನ ಸಣ್ಣ ಗಾಡಿಗಳು ಮನೆಗೆಲಸಕ್ಕೆ ಒಗ್ಗುತ್ತವೆ. ಬ್ರೇಕ್ ಪ್ಯಾಡ್, ಡ್ರೈವ್‌ಶಾಫ್ಟ್ ಬೂಟ್ ಇಂಥವನ್ನು ಬಿಚ್ಚಿ ಕಟ್ಟಿ ಅಭ್ಯಾಸ ಇರಬೇಕು. ಇದು ಮೊದಲ ಕೆಲಸವಾಗಬಾರದು. ಜೊತೆಗೆ ಇನ್ನೊಬ್ಬರು ಇರಲೇಬೇಕು, ಗೇರ್‌ಬಾಕ್ಸ್ ಒಬ್ಬರೇ ಎದೆಯ ಮೇಲೆ ಇಳಿಸಿಕೊಳ್ಳುವ ತೂಕದ್ದಲ್ಲ.

ಜಾಗದ್ದೇ ದೊಡ್ಡ ಪ್ರಶ್ನೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಾದರೆ ಅಸೋಸಿಯೇಷನ್ ಒಪ್ಪಬೇಕು. 30x40 ಸೈಟಿನ ಮನೆಯ ಪೋರ್ಟಿಕೋ ಹೆಚ್ಚಾಗಿ ರಸ್ತೆ ಕಡೆಗೆ ಇಳಿಜಾರಾಗಿರುತ್ತದೆ, ಮೇಲೆ ಟೈಲ್ಸ್ ಬೇರೆ. ಟೈಲ್ಸ್ ಮೇಲೆ ಜ್ಯಾಕ್ ಜಾರುತ್ತದೆ, ಸ್ಟ್ಯಾಂಡಿನ ಕಾಲಿಗೆ ಟೈಲ್ಸ್ ಒಡೆಯುತ್ತದೆ. ದಪ್ಪ ಪ್ಲೈವುಡ್ ಹಾಸಿ ಕೆಲಸ ಮಾಡಿ. ನೆಲ ಎದ್ದು ಕಾಣುವಷ್ಟು ಇಳಿಜಾರಿದ್ದರೆ ಅಲ್ಲಿ ಮಾಡಲೇಬೇಡಿ. ಹಿಂದಿನ ಎರಡೂ ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಟ್ರಾಲಿ ಜ್ಯಾಕಿನಲ್ಲಿ ಎತ್ತಿ, ಗಾಡಿಯ ತೂಕಕ್ಕೆ ತಕ್ಕ ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಿಸಿ, ಕೆಳಗೆ ಹೋಗುವ ಮೊದಲು ಗಾಡಿಯನ್ನು ಕೈಯಿಂದ ಅಲುಗಾಡಿಸಿ ನೋಡಿ. ಸೈಜುಗಲ್ಲು, ಇಟ್ಟಿಗೆ, ಹಾಲೋ ಬ್ಲಾಕ್ ಯಾವುದನ್ನೂ ಆಧಾರಕ್ಕೆ ಇಡಬೇಡಿ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಸ್ಟೆಪ್ನಿ ಬದಲಿಸುವ ಜ್ಯಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿಗೆ ಕೊಟ್ಟುಬಿಡಿ, ಇದರಲ್ಲಿ ರಾಜಿ ಇಲ್ಲ.

ಮುಂದಿನ ಚಕ್ರ ಎಳೆಯುವ ಕಾರಿನ ಕ್ರಮ ಸ್ಥೂಲವಾಗಿ ಹೀಗೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಏಕೆಂದರೆ ಸ್ಟಾರ್ಟರ್ ಮೋಟರಿನ ದಪ್ಪ ವೈರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಗೇರ್ ಆಯಿಲ್ ಇಳಿಸಿ ಡಬ್ಬಕ್ಕೆ ಹಿಡಿಯಿರಿ. ಮೋರಿಗೆ ಸುರಿಯಬೇಡಿ, ಗ್ಯಾರೇಜಿಗೆ ಕೊಟ್ಟರೆ ಹಳೆ ಆಯಿಲ್ ಜೊತೆ ಹೋಗುತ್ತದೆ. ಆಮೇಲೆ ಕ್ಲಚ್ ಕೇಬಲ್, ಗೇರ್ ಲಿಂಕ್, ಸ್ಟಾರ್ಟರ್, ಡ್ರೈವ್‌ಶಾಫ್ಟ್. ಮೌಂಟಿಂಗ್ ಬಿಚ್ಚುವ ಮೊದಲು ಇಂಜಿನ್ನಿಗೆ ಆಧಾರ ಕೊಡಿ. ಮೇಲಿಂದ ಸಪೋರ್ಟ್ ಬಾರ್, ಇಲ್ಲವೇ ಕೆಳಗೆ ಮರದ ತುಂಡಿಟ್ಟು ಇನ್ನೊಂದು ಜ್ಯಾಕ್. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಗೇರ್‌ಬಾಕ್ಸಿನ ಭಾಗ) ಬೋಲ್ಟುಗಳು ಹೆಚ್ಚಾಗಿ ಬೇರೆ ಬೇರೆ ಉದ್ದದವು. ಒಂದು ರಟ್ಟಿನ ಮೇಲೆ ಆಕಾರ ಬರೆದು ಅದರ ಜಾಗದಲ್ಲೇ ಚುಚ್ಚಿಡಿ.

ಒಳಗಿನ ಕಪ್ಪು ಪುಡಿಗೆ ಗಾಳಿ ಹೊಡೆಯಬೇಡಿ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿಕೊಂಡು, ಬ್ರೇಕ್ ಕ್ಲೀನರಿನಿಂದ ಒದ್ದೆ ಮಾಡಿ ಒರೆಸಿ.

ಕೂರಿಸುವಾಗ ಮುಖ್ಯವಾದದ್ದು ನಾಲ್ಕೈದು. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆಗೆ ಅನ್ನುವುದು ಸಾಮಾನ್ಯವಾಗಿ ಪ್ಲೇಟಿನ ಮೇಲೇ ಬರೆದಿರುತ್ತದೆ. ಅದನ್ನು ತಿರುಗಾಮುರುಗಾ ಮಾಡಿದರೆ ಕ್ಲಚ್ ಕೆಲಸ ಮಾಡುವುದಿಲ್ಲ. ಅಲೈನ್‌ಮೆಂಟ್ ಟೂಲ್ ಹಾಕಿ ಪ್ಲೇಟನ್ನು ನಡುಮಧ್ಯಕ್ಕೆ ಹಿಡಿಯಿರಿ. ಅದೇ ಗೇರ್‌ಬಾಕ್ಸಿನ ಹಳೆಯ ಇನ್‌ಪುಟ್ ಶಾಫ್ಟ್ ಗುಜರಿಯಲ್ಲಿ ಸಿಕ್ಕರೆ ಅದೇ ಒಳ್ಳೆಯ ಟೂಲ್. ಪ್ರೆಶರ್ ಪ್ಲೇಟ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಕೊನೆಗೆ ಟಾರ್ಕ್ ರೆಂಚ್. ಸ್ಪ್ಲೈನಿಗೆ ಗ್ರೀಸ್ ತೆಳ್ಳಗೆ, ಜಾಸ್ತಿಯಾದದ್ದು ತಿರುಗುವಾಗ ಹಾರಿ ಲೈನಿಂಗಿಗೆ ಹತ್ತುತ್ತದೆ. ಲೈನಿಂಗನ್ನು ಎಣ್ಣೆ ಕೈಯಲ್ಲಿ ಮುಟ್ಟಬೇಡಿ.

ಗೇರ್‌ಬಾಕ್ಸ್ ಏರಿಸುವಾಗ ಅವಸರ ಬೇಡ. ಶಾಫ್ಟ್ ಅರ್ಧ ಒಳಗೆ ಹೋದಾಗ ಕೈಬಿಟ್ಟು ಗೇರ್‌ಬಾಕ್ಸಿನ ಭಾರವನ್ನೆಲ್ಲ ಪ್ಲೇಟಿನ ಮೇಲೆ ನೇತುಹಾಕಿದರೆ ಪ್ಲೇಟ್ ಬಾಗುತ್ತದೆ. ಬಾಗಿದ ಪ್ಲೇಟ್ ಕಣ್ಣಿಗೆ ಕಾಣುವುದಿಲ್ಲ, ಎಲ್ಲ ಕಟ್ಟಿದ ಮೇಲೆ ಗೇರ್ ಬೀಳದೆ ಇದ್ದಾಗ ಗೊತ್ತಾಗುತ್ತದೆ. ಇಂಜಿನ್, ಗೇರ್‌ಬಾಕ್ಸ್ ಎರಡರ ಮುಖವೂ ಕೈಯಿಂದಲೇ ಕೂಡಬೇಕು. ಬೋಲ್ಟ್ ಬಿಗಿದು ಎಳೆಯಬೇಡಿ. ಕೂಡದಿದ್ದರೆ ಟಾಪ್ ಗೇರ್ ಹಾಕಿ, ಔಟ್‌ಪುಟ್ ಕಡೆಯಿಂದ ಸ್ವಲ್ಪ ತಿರುಗಿಸಿ, ಸ್ಪ್ಲೈನ್ ಹಲ್ಲು ತಾನೇ ಕೂರುತ್ತದೆ.

ಎಲ್ಲ ಕಟ್ಟಿದ ಮೇಲೆ ಗೇರ್ ಆಯಿಲ್ ತುಂಬಿ. ಇದನ್ನು ಮರೆತು ಓಡಿಸಿದರೆ ಗೇರ್‌ಬಾಕ್ಸೇ ಹೋಗುತ್ತದೆ. ಪೆಡಲ್ ಫ್ರೀ ಪ್ಲೇ ಹೊಂದಿಸಿ, ಗಾಡಿ ಇಳಿಸುವ ಮೊದಲು ಇಂಜಿನ್ ಆಫ್ ಇದ್ದಾಗಲೇ ಎಲ್ಲ ಗೇರ್ ಬೀಳುತ್ತವಾ ನೋಡಿ. ರಾತ್ರಿ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಗ್ಗೆ ಅದರ ಮೇಲೆ ಹನಿ ಕಂಡರೆ ಮೊದಲು ಡ್ರೈವ್‌ಶಾಫ್ಟ್ ಸೀಲ್ ನೋಡಿ. ಮೊದಲ 500 ಕಿಲೋಮೀಟರ್ ಆಸುಪಾಸು ಮೆತ್ತಗೆ ಓಡಿಸಿ. ನಂದಿ ಬೆಟ್ಟದ ಏರು, ತುಂಬಿದ ಲೋಡು, ಬೇರೆ ಗಾಡಿ ಎಳೆಯುವುದು ಆಗ ಬೇಡ. ಹೊಸ ಲೈನಿಂಗ್ ಕೂತಂತೆ ಫ್ರೀ ಪ್ಲೇ ಸ್ವಲ್ಪ ಬದಲಾಗುತ್ತದೆ. ಕೇಬಲ್ ಕ್ಲಚ್ ಆದರೆ ಅಷ್ಟು ಓಡಿದ ಮೇಲೆ ಇನ್ನೊಂದು ಸಲ ಅಳತೆ ನೋಡಿ ನಟ್ ಹೊಂದಿಸಿ.